ವಿಚಾರಣೆಯಲ್ಲಿ ಲೋಪವಾದರೆ ಶಿಕ್ಷೆ ಊರ್ಜಿತವೇ?



1973ರ ದಂಡ ಪ್ರಕ್ರಿಯಾ ಸಂಹಿತೆಯ 215ನೇ ಕಲಮಿನ ಕೆಳಗೆ, ಉದಾಹರಣೆಗಳೆಂದು ಕೊಟ್ಟ ಕಡೆ, ಎರಡು ಪುಟ್ಟ ಕಥೆಗಳಿವೆ. ಬ್ರಿಟಿಷರ ಕಾಲದ ಸಂಹಿತೆಯಿಂದ ಹಾಗೆಯೇ ಇಳಿದು ಬಂದವು. ಮೊದಲ ಕಥೆಯಲ್ಲಿ ಒಬ್ಬನ ಮೇಲೆ ಖೋದಾ ಬಕ್ಷ್ ಎಂಬುವನನ್ನು 1882ರ ಜನವರಿ 21ರಂದು ಕೊಂದ ಆರೋಪ. ನಿಜಕ್ಕೂ ಕೊಲೆಯಾದವನು ಹೈದರ್ ಬಕ್ಷ್, ಅದೂ ಜನವರಿ 20ರಂದು. ಹೆಸರೂ ತಪ್ಪು, ತಾರೀಖೂ ತಪ್ಪು. ಆದರೆ ಆ ಆರೋಪಿಯ ಮೇಲಿದ್ದದ್ದು ಒಂದೇ ಕೊಲೆಯ ಆಪಾದನೆ. ಮ್ಯಾಜಿಸ್ಟ್ರೇಟರ ಮುಂದೆ ಹೈದರ್ ಬಕ್ಷನ ಸಾವಿನ ವಿಷಯ ಬಿಟ್ಟು ಬೇರೆ ಮಾತೇ ಬಂದಿರಲಿಲ್ಲ, ಅದನ್ನೆಲ್ಲ ಅವನು ಕಿವಿಯಾರೆ ಕೇಳಿದ್ದ. ಹಾಗಾಗಿ ಅವನಿಗೆ ಗೊಂದಲವೇನೂ ಆಗಿಲ್ಲ, ಈ ತಪ್ಪನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದು ಕೋರ್ಟು ತಿಳಿಯಬಹುದು. ಎರಡನೆಯ ಕಥೆಯಲ್ಲಿ ಒಬ್ಬನ ಮೇಲೆಯೇ ಎರಡು ಕೊಲೆಗಳ ಆಪಾದನೆ. 20ರಂದು ಹೈದರ್ ಬಕ್ಷ್; ಆ ಕೊಲೆಗಾಗಿ ಹಿಡಿಯಲು ಬಂದ ಖೋದಾ ಬಕ್ಷ್ 21ರಂದು. ಹೈದರ್ ಬಕ್ಷನ ಕೊಲೆಯ ಆರೋಪ ಹೊರಿಸಿ, ಖೋದಾ ಬಕ್ಷನ ಕೊಲೆಯ ವಿಚಾರಣೆ ನಡೆಸಿಬಿಟ್ಟರು. ಆರೋಪಿ ತನ್ನ ಪರವಾಗಿ ಕರೆತಂದಿದ್ದ ಸಾಕ್ಷಿಗಳೆಲ್ಲ ಹೈದರ್ ಬಕ್ಷನ ಪ್ರಕರಣದವರು. ಇಲ್ಲಿ ಅವನು ದಾರಿ ತಪ್ಪಿದ್ದಾನೆ, ತಪ್ಪು ಗಂಭೀರವಾದದ್ದು ಎಂದು ಕೋರ್ಟು ತಿಳಿಯಬಹುದು.

ಎರಡು ಕಡೆಯೂ ಹೆಸರು ಅದಲುಬದಲಾಗಿದೆ. ಎರಡನೆಯವನಿಗೆ ಮಾತ್ರ ತನ್ನ ಸಾಕ್ಷಿಗಳೇ ಕೈಗೆ ಬಾರದಂತಾದರು. ಕೆಳ ಕೋರ್ಟಿನಲ್ಲಿ ತಪ್ಪಾಗಿದೆ, ಶಿಕ್ಷೆ ರದ್ದು ಮಾಡಿ ಎಂದು ಯಾರೇ ಹೋಗಲಿ, ಹೈಕೋರ್ಟಾಗಲಿ ಸುಪ್ರೀಂ ಕೋರ್ಟಾಗಲಿ ಕೇಳುವ ಮೊದಲ ಪ್ರಶ್ನೆ ಇದೇ: ಆ ತಪ್ಪಿನಿಂದ ನಿನಗೆ ಏನು ಹೋಯಿತು?

ಇದನ್ನು 465ನೇ ಕಲಂ ನೇರವಾಗಿ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 511ನೇ ಕಲಂ. ದೂರು, ಸಮನ್ಸು, ವಾರಂಟು, ಆರೋಪ ಪಟ್ಟಿ, ವಿಚಾರಣೆ, ತೀರ್ಪು, ಇವುಗಳಲ್ಲಿ ಎಲ್ಲೇ ತಪ್ಪಾಗಿರಲಿ, ಬಿಟ್ಟುಹೋಗಿರಲಿ, ಕ್ರಮ ತಪ್ಪಿರಲಿ, ಅದರಿಂದ ನ್ಯಾಯಕ್ಕೆ ನಿಜವಾಗಿ ಚ್ಯುತಿ ಬಂದಿದ್ದರೆ ಮಾತ್ರ ಮೇಲಿನ ಕೋರ್ಟು ತೀರ್ಪನ್ನು ಬದಲಿಸಬೇಕು. ಇದರ ಹಿಂದಿನ ಕಾಳಜಿ ಸಣ್ಣದಲ್ಲ. ಒಂದು ಸೆಷನ್ಸ್ ಪ್ರಕರಣವೆಂದರೆ ಹತ್ತಾರು ಸಾಕ್ಷಿಗಳು, ಮಹಜರುಗಳು, ವೈದ್ಯರ ವರದಿಗಳು, ವರ್ಷಗಟ್ಟಲೆ ವಾಯಿದೆಗಳು. ಎಲ್ಲೋ ಒಂದು ಕಡೆ ಕಲಮಿನ ಸಂಖ್ಯೆ ತಪ್ಪಿತೆಂದು ಎಲ್ಲವನ್ನೂ ಕೆಡವಿದರೆ, ಮಗನನ್ನು ಕಳೆದುಕೊಂಡ ತಾಯಿ ಮತ್ತೆ ಮೊದಲಿನಿಂದ ಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಆ ತಾಯಿಯ ಮಾತನ್ನು ಬಿಟ್ಟು ಈ ವಿಷಯ ಮಾತನಾಡಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಕಾನೂನು ಯಾವಾಗಲೂ ಹೀಗೆ ಯೋಚಿಸಿರಲಿಲ್ಲ. 1901ರಲ್ಲಿ ಮದ್ರಾಸಿನ ಸುಬ್ರಹ್ಮಣ್ಯ ಅಯ್ಯರ್ ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಹೋಯಿತು. ಒಂದೇ ಬಗೆಯ ಅಪರಾಧಗಳಾದರೆ, ಒಂದು ವರ್ಷದೊಳಗೆ ನಡೆದ ಮೂರನ್ನು ಮಾತ್ರ ಸೇರಿಸಿ ವಿಚಾರಣೆ ಮಾಡಬಹುದು ಎಂಬುದು ಆಗಿನ ನಿಯಮ. ಅಲ್ಲಿ ಎರಡು ವರ್ಷಗಳಲ್ಲಿ ಹರಡಿದ್ದ 41 ಕೃತ್ಯಗಳನ್ನು ಒಟ್ಟಿಗೆ ಹೊರಿಸಿದ್ದರು. ಪ್ರಿವಿ ಕೌನ್ಸಿಲ್ ಶಿಕ್ಷೆಯನ್ನು ತಳ್ಳಿಹಾಕಿತು. ಕಾನೂನು ಬೇಡವೆಂದ ರೀತಿಯಲ್ಲೇ ವಿಚಾರಣೆ ನಡೆದಮೇಲೆ ಅದನ್ನು ಬರೀ ಕ್ರಮಭಂಗ ಎಂದು ಕ್ಷಮಿಸಲಾಗದು ಎಂದಿತು. ಅಲ್ಲಿಂದ ಅರ್ಧ ಶತಮಾನ ನಮ್ಮ ವಕೀಲರು, ನ್ಯಾಯಾಧೀಶರು ಒಂದೇ ಜಗ್ಗಾಟದಲ್ಲಿ ಮುಳುಗಿದ್ದರು: ಆದದ್ದು ಕಾನೂನುಬಾಹಿರವೋ, ಕೇವಲ ಕ್ರಮಭಂಗವೋ? ಮೊದಲನೆಯದಾದರೆ ಬಿಡುಗಡೆ, ಎರಡನೆಯದಾದರೆ ಜೈಲು. ಆಂಧ್ರದ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ಲೇ, ಸ್ವಾತಂತ್ರ್ಯ ಬರುವ ಹೊಸ್ತಿಲಲ್ಲಿ, ಇವೆರಡಕ್ಕೂ ಇರುವುದು ಹೆಚ್ಚು ಕಡಿಮೆಯ ವ್ಯತ್ಯಾಸವಷ್ಟೇ ಎಂದು ತನ್ನ ಬಿಗಿಯನ್ನು ಸಡಿಲಿಸಿತು.

ಜಗ್ಗಾಟಕ್ಕೆ ತೆರೆ ಎಳೆದದ್ದು 1955ರ ವಿಲ್ಲಿ ಸ್ಲೇನಿ ಪ್ರಕರಣ. ಮಧ್ಯಪ್ರದೇಶದ್ದು. ಅಣ್ಣತಮ್ಮ ಇಬ್ಬರೂ ಒಂದು ಮನೆಯ ಮುಂದೆ ಹೋಗಿ ಜಗಳವಾಡಿದರು. ಸ್ಲೇನಿ ತಮ್ಮನ ಕೈಯಲ್ಲಿದ್ದ ಹಾಕಿ ಸ್ಟಿಕ್ ಕಿತ್ತುಕೊಂಡು ಎದುರಾಳಿಯ ತಲೆಗೆ ಒಂದೇ ಏಟು ಹಾಕಿದ. ಹತ್ತು ದಿನದ ಮೇಲೆ ಆ ಮನುಷ್ಯ ತೀರಿಕೊಂಡ. ಅಣ್ಣತಮ್ಮಂದಿರ ಮೇಲೆ ಸಮಾನ ಉದ್ದೇಶದಿಂದ ಕೊಂದರೆಂಬ ಆರೋಪ ಹೊರಿಸಿದ್ದರು. ತಮ್ಮ ಖುಲಾಸೆಯಾದ. ಆಗ ಸ್ಲೇನಿಯ ಪರ ಬಂದ ವಾದ ಹೀಗೆ: ನಾನೊಬ್ಬನೇ ಕೊಂದೆ ಎಂಬ ಆರೋಪ ಯಾವತ್ತೂ ನನ್ನ ಮೇಲೆ ಇರಲಿಲ್ಲ, ಇದ್ದದ್ದು ಇಬ್ಬರೂ ಸೇರಿ ಎಂಬುದು; ಒಬ್ಬ ಬಿಡುಗಡೆಯಾದ ಮೇಲೆ ನನ್ನನ್ನು ಹೇಗೆ ಶಿಕ್ಷಿಸುತ್ತೀರಿ? ಐವರು ನ್ಯಾಯಾಧೀಶರ ಪೀಠ ಒಪ್ಪಲಿಲ್ಲ. ಏಟು ಹಾಕಿದ್ದು ನೀನೇ ಎಂಬ ಆಪಾದನೆ ಮೊದಲ ದಿನದಿಂದಲೂ ನಿನಗೆ ಗೊತ್ತಿತ್ತು, ಸಾಕ್ಷಿಗಳು ಹೇಳಿದ್ದೂ ಅದನ್ನೇ, ನೀನು ಎದುರಿಸಿದ್ದೂ ಅದನ್ನೇ, ಆದ್ದರಿಂದ ನಿನಗೆ ಅನ್ಯಾಯವಾಗಿಲ್ಲ ಎಂಬುದು ತೀರ್ಪಿನ ತಿರುಳು. ಅಪರಾಧವನ್ನು ಮಾತ್ರ ಕೊಲೆಯಿಂದ ಇಳಿಸಿ, ಶಿಕ್ಷೆಯನ್ನು ಐದು ವರ್ಷಕ್ಕೆ ತಗ್ಗಿಸಿದರು. ನ್ಯಾಯಮೂರ್ತಿ ವಿವಿಯನ್ ಬೋಸ್ ಅವರ ಆ ತೀರ್ಪನ್ನು ಇವತ್ತಿಗೂ ಪ್ರತಿ ಮೇಲ್ಮನವಿಯಲ್ಲಿ ಎರಡೂ ಕಡೆಯ ವಕೀಲರು ಹಿಡಿದುಕೊಂಡು ಬರುತ್ತಾರೆ.

ಸಾಕ್ಷ್ಯದ ವಿಷಯದಲ್ಲೂ ಹೀಗೇ. ಒಪ್ಪಬಾರದ ಸಾಕ್ಷ್ಯವನ್ನು ಕೋರ್ಟು ಒಪ್ಪಿಕೊಂಡಿತೆನ್ನಿ. ಅದನ್ನು ತೆಗೆದಿಟ್ಟರೂ ಮಿಕ್ಕ ಸಾಕ್ಷ್ಯ ಸಾಕಾಗುವಂತಿದ್ದರೆ ಶಿಕ್ಷೆ ಉಳಿಯುತ್ತದೆ. 1872ರ ಸಾಕ್ಷ್ಯ ಅಧಿನಿಯಮದಲ್ಲೇ ಈ ಮಾತಿತ್ತು, ಹೊಸ ಅಧಿನಿಯಮದಲ್ಲೂ ಇದೆ. ಪೊಲೀಸರ ಶೋಧನೆ ಕ್ರಮ ತಪ್ಪಿದ್ದರೂ ಸಿಕ್ಕ ವಸ್ತು ಸಾಕ್ಷ್ಯವಾಗುತ್ತದೆ ಎಂದು ನಮ್ಮ ಕೋರ್ಟುಗಳು ಸಾಮಾನ್ಯವಾಗಿ ಹೇಳುತ್ತವೆ. ಮಾದಕ ವಸ್ತು ಪ್ರಕರಣಗಳಲ್ಲಿ ಮಾತ್ರ ಬಿಗಿ ಹೆಚ್ಚು. ಮೈಮೇಲಿನ ಶೋಧನೆಗೆ ಮೊದಲು, ಗೆಜೆಟೆಡ್ ಅಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟರ ಎದುರಿಗೇ ಶೋಧಿಸಿ ಎಂದು ಕೇಳುವ ಹಕ್ಕು ನಿನಗಿದೆ ಎಂದು ಆ ವ್ಯಕ್ತಿಗೆ ಹೇಳಲೇಬೇಕು. ಹೇಳದೆ ಜೇಬಿನಿಂದ ತೆಗೆದ ಪೊಟ್ಟಣವೊಂದನ್ನೇ ನೆಚ್ಚಿ ಕೊಟ್ಟ ಶಿಕ್ಷೆ ನಿಲ್ಲದು ಎಂದು 1999ರಲ್ಲಿ ಸಂವಿಧಾನ ಪೀಠ ಹೇಳಿದೆ. ಹತ್ತು, ಇಪ್ಪತ್ತು ವರ್ಷ ಜೈಲಾಗುವ ಕಾನೂನಿನಲ್ಲಿ ಈ ಬಿಗಿ ಇರಬೇಕಾದ್ದೇ.

ಇನ್ನು ಹೊರಗಿನವರ ಕಣ್ಣಿಗೆ ಬೀಳದ ಒಂದು ಹಂತದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಸರ್ಕಾರದ ಪರ ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನೇ ನೇರವಾಗಿ ಮಾತನಾಡಿಸುತ್ತಾರೆ. ಪ್ರಮಾಣ ಇರುವುದಿಲ್ಲ. ಹಳೆಯ ಸಂಹಿತೆಯ 313, ಹೊಸದರ 351. ಕೋರ್ಟಿನಲ್ಲಿ ಎಲ್ಲರೂ ಇದನ್ನು ‘ತ್ರಿ ಥರ್ಟೀನ್’ ಎಂದೇ ಕರೆಯುವುದು. ಅವನ ವಿರುದ್ಧ ಯಾವ ಯಾವ ಸಂಗತಿ ಸಾಕ್ಷ್ಯದಲ್ಲಿ ಬಂದಿದೆಯೋ ಅದನ್ನು ಒಂದೊಂದಾಗಿ ಬಿಡಿಸಿ ಕೇಳಬೇಕು, ಅವನು ತನ್ನ ಸಮಜಾಯಿಷಿ ಹೇಳಬೇಕು, ಉದ್ದೇಶ ಅದು. ನಡೆಯುವುದು ಹೇಗೆ ನೋಡಿ. ಟೈಪಾದ ಹಾಳೆಗಳು ತಯಾರಿರುತ್ತವೆ. ‘ಪ್ರಾ.ಸಾ. (ಪ್ರಾಸಿಕ್ಯೂಷನ್ ಸಾಕ್ಷಿ) 4ರವರು ಹೀಗೆ ನುಡಿದಿದ್ದಾರೆ, ಏನು ಹೇಳುತ್ತೀರಿ?’ ಕೆಲವು ಪ್ರಶ್ನೆಗಳಲ್ಲಿ ಮೂರು ಸಾಕ್ಷಿಗಳ ಅರ್ಧ ಪುಟದ ಹೇಳಿಕೆ ಒಂದೇ ವಾಕ್ಯದಲ್ಲಿ ಸೇರಿಕೊಂಡಿರುತ್ತದೆ. ಕಟಕಟೆಯಲ್ಲಿ ನಿಂತವನಿಗೆ ಅದರ ತಲೆ ಬುಡ ತಿಳಿಯುವುದಿಲ್ಲ. ‘ಸುಳ್ಳು ಸ್ವಾಮಿ’ ಎನ್ನುತ್ತಾನೆ. ಮುಂದಿನದಕ್ಕೂ ‘ಸುಳ್ಳು’. ಹಾಳೆಯ ಬಲಗಡೆ ಮೇಲಿಂದ ಕೆಳಗೆ ‘ಸುಳ್ಳು’, ‘ಸುಳ್ಳು’, ‘ಗೊತ್ತಿಲ್ಲ’, ಕೆಳಗೆ ಹೆಬ್ಬೆಟ್ಟು. ಆ ದಿನ ನಿಧಾನವಾಗಿ, ಅವನ ಮಾತಿನಲ್ಲೇ ಕೇಳಿದ್ದರೆ ಏನು ಹೇಳುತ್ತಿದ್ದನೋ ಅದು ದಾಖಲೆಗೆ ಬರುವುದೇ ಇಲ್ಲ.

ಕೇಳದೆ ಬಿಟ್ಟ ಸಂಗತಿಯನ್ನು ಅವನ ವಿರುದ್ಧ ಬಳಸಬಾರದು ಎಂದು 1984ರ ಶರದ್ ಸಾರಡಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಹಾಗೆಂದು ಒಂದು ಪ್ರಶ್ನೆ ಬಿಟ್ಟುಹೋದರೆ ಇಡೀ ವಿಚಾರಣೆ ಕೆಡುವುದಿಲ್ಲ. ಆರೋಪಿಗೆ ಅದರಿಂದ ಬಾಧೆಯಾಯಿತೇ ಎಂದು ನೋಡುತ್ತಾರೆ, ಬೇಕಾದರೆ ಮೇಲ್ಮನವಿ ಕೋರ್ಟೇ ಆ ಪ್ರಶ್ನೆಯನ್ನು ಕೇಳಿಸಬಹುದು. 2023ರಲ್ಲಿ, ಹಿಂದೆ ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅಭಯ್ ಓಕಾ ಅವರ ಮುಂದೆ ದೆಹಲಿಯ ಒಂದು ಕೊಲೆ ಪ್ರಕರಣ ಬಂತು. ಆರೋಪಿಯೊಬ್ಬನ ವಿರುದ್ಧ ಇದ್ದದ್ದು ಒಂದೇ ಒಂದು ಸಂಗತಿ. ಅದನ್ನೇ ಅವನಿಗೆ ಕೇಳಿರಲಿಲ್ಲ. ಮತ್ತೆ ಕರೆಸಿ ಕೇಳೋಣವೆಂದರೆ ಘಟನೆ ನಡೆದು 27 ವರ್ಷ ದಾಟಿತ್ತು. ಅಷ್ಟು ಹಳೆಯದಕ್ಕೆ ಈಗ ಸಮಜಾಯಿಷಿ ಕೇಳುವುದರಲ್ಲಿ ಅರ್ಥವಿಲ್ಲವೆಂದು ಅವನನ್ನು ಖುಲಾಸೆ ಮಾಡಿದರು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪು. ಆದರೆ ಆ ಪ್ರಶ್ನೆ ಕೇಳಲು ವಿಚಾರಣಾ ಕೋರ್ಟಿಗೆ ಹಿಡಿಯುತ್ತಿದ್ದದ್ದು ಐದು ನಿಮಿಷ.

ಈಗ ವಕೀಲನಿಲ್ಲದ ವಿಚಾರಣೆಯ ಮಾತು. 2012ರ ಆಗಸ್ಟ್ ಕೊನೆಯಲ್ಲಿ, ಎರಡೇ ದಿನಗಳ ಅಂತರದಲ್ಲಿ, ಸುಪ್ರೀಂ ಕೋರ್ಟು ಎರಡು ತೀರ್ಪು ಕೊಟ್ಟಿತು. ಇಬ್ಬರೂ ಪಾಕಿಸ್ತಾನದವರೆಂದು ಹೇಳಲಾದವರು, ಇಬ್ಬರಿಗೂ ಮರಣದಂಡನೆ, ಇಬ್ಬರ ವಾದವೂ ನನಗೆ ವಕೀಲರಿರಲಿಲ್ಲ ಎಂಬುದು. 29ರಂದು ಬಂದದ್ದು ಅಜ್ಮಲ್ ಕಸಬ್ ಪ್ರಕರಣದ ತೀರ್ಪು. ಪೊಲೀಸ್ ವಶದಲ್ಲಿದ್ದಾಗ, ಮ್ಯಾಜಿಸ್ಟ್ರೇಟರ ಮುಂದೆ ತಪ್ಪೊಪ್ಪಿಗೆ ಕೊಟ್ಟಾಗ ವಕೀಲರಿರಲಿಲ್ಲ ಎಂದು ಅವನ ಪರ ವಾದಿಸಿದ್ದರು. ಮೊದಲ ಬಾರಿ ಮ್ಯಾಜಿಸ್ಟ್ರೇಟರ ಮುಂದೆ ತಂದಾಗಿನಿಂದಲೇ ವಕೀಲರನ್ನು ಪಡೆಯುವ ಹಕ್ಕು ಇದೆ ಎಂದು ಕೋರ್ಟು ಗಟ್ಟಿಯಾಗಿ ಹೇಳಿತು. ವಿಚಾರಣೆಗೆ ಮುಂಚಿನ ಆ ಲೋಪದಿಂದ ವಿಚಾರಣೆಯಲ್ಲಿ ನಿಜವಾದ ಬಾಧೆ ಆಗಿರದಿದ್ದರೆ ಶಿಕ್ಷೆ ಕೆಡುವುದಿಲ್ಲ ಎಂದೂ ಹೇಳಿತು. ವಿಚಾರಣೆ ಉದ್ದಕ್ಕೂ ಅವನಿಗೆ ವಕೀಲರಿದ್ದರು. ಶಿಕ್ಷೆ ಉಳಿಯಿತು.

31ರಂದು ಬಂದದ್ದು ದೆಹಲಿಯ ಬಸ್ ಸ್ಫೋಟದ ಪ್ರಕರಣ. 1997ರ ಡಿಸೆಂಬರ್ 30ರ ಸಂಜೆ ಆ ಬಸ್ಸಿನಲ್ಲಿ ನಾಲ್ವರು ಸತ್ತಿದ್ದರು. ಸರ್ಕಾರ ಕರೆಸಿದ 65 ಸಾಕ್ಷಿಗಳಲ್ಲಿ 56 ಮಂದಿ ನುಡಿದು ಇಳಿದದ್ದು ಆರೋಪಿಯ ಪರ ವಕೀಲರಿಲ್ಲದೆ. ಪಾಟೀಸವಾಲು ಯಾರು ಮಾಡಬೇಕು? ಆದರೂ 2004ರಲ್ಲಿ ಮರಣದಂಡನೆ ಆಯಿತು, ಹೈಕೋರ್ಟು ಅದನ್ನು ಕಾಯಂ ಮಾಡಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೂ ಶಿಕ್ಷೆ ನಿಲ್ಲದು ಎಂಬಲ್ಲಿ ಒಂದಾದರು. ಮುಂದೇನು ಎಂಬಲ್ಲಿ ಬೇರೆಯಾದರು. ನಮ್ಮ ಚಿಕ್ಕಮಗಳೂರು ಜಿಲ್ಲೆಯವರಾದ ಎಚ್.ಎಲ್. ದತ್ತು ಅವರು ಮರುವಿಚಾರಣೆಯಾಗಲಿ ಎಂದರು. ಇನ್ನೊಬ್ಬರು, ಇಷ್ಟು ವರ್ಷಗಳ ನಂತರ ಮತ್ತೆ ಮೊದಲಿನಿಂದ ವಿಚಾರಣೆ ಮಾಡುವುದು ನ್ಯಾಯವಲ್ಲ, ಅವನನ್ನು ಬಿಟ್ಟು ಅವನ ದೇಶಕ್ಕೆ ಕಳಿಸಿ ಎಂದರು. ಮೂವರ ಪೀಠ ಆಗಸ್ಟ್ 31ರಂದು ಮರುವಿಚಾರಣೆಗೇ ಆದೇಶಿಸಿತು. ಈ ಸಲ ವಕೀಲರಿದ್ದರು, ಪಾಟೀಸವಾಲು ನಡೆಯಿತು. 2013ರ ಜನವರಿಯಲ್ಲಿ ಅವನು ಖುಲಾಸೆಯಾದ. ಅದೇ ಆಪಾದನೆ, ಮೊದಲ ಸಲ ನೇಣು, ಎರಡನೆಯ ಸಲ ಬಿಡುಗಡೆ.

ಇಲ್ಲಿ ನನಗೊಂದು ಗಟ್ಟಿ ಅಭಿಪ್ರಾಯವಿದೆ. ಏನು ಹೋಯಿತು ತೋರಿಸು ಎಂಬ ಪ್ರಶ್ನೆ ಬಹುಪಾಲು ತಪ್ಪುಗಳಿಗೆ ಸರಿ. ವಕೀಲನೇ ಇಲ್ಲದಿದ್ದಾಗ ಆ ಪ್ರಶ್ನೆಯನ್ನು ಕೇಳಲೇಬಾರದು. ಪಾಟೀಸವಾಲು ನಡೆದಿದ್ದರೆ ಸಾಕ್ಷಿ ಎಲ್ಲಿ ಎಡವುತ್ತಿದ್ದ ಎಂಬುದು ದಾಖಲೆಯಲ್ಲಿ ಇರುವುದಿಲ್ಲ. ಇಲ್ಲದ್ದನ್ನು ತೋರಿಸು ಎಂದರೆ ಎಲ್ಲಿಂದ ತರುತ್ತಾನೆ? ವಿಚಾರಣೆಯ ಆರಂಭದಿಂದ ವಕೀಲರನ್ನು ಕೊಡದಿದ್ದರೆ, ಆರೋಪಿ ತಾನಾಗಿ ಬೇಡವೆಂದಿರದ ಹೊರತು, ವಿಚಾರಣೆಯೇ ಕೆಡುತ್ತದೆ ಎಂದು ಕಸಬ್ ತೀರ್ಪಿನಲ್ಲೇ ಹೇಳಿರುವುದು ಸಮಾಧಾನದ ವಿಷಯ. ಆದರೆ ಹೆಸರಿಗೆ ಮಾತ್ರ ಒಬ್ಬ ವಕೀಲನಿದ್ದರೆ?

ಮಧ್ಯಪ್ರದೇಶದ ಖಾಂಡ್ವಾ ಜಿಲ್ಲೆಯಲ್ಲಿ 2013ರ ಜನವರಿ ಕೊನೆಗೆ ಒಂಬತ್ತು ವರ್ಷದ ಹೆಣ್ಣುಮಗುವಿನ ಮೇಲೆ ಅತ್ಯಾಚಾರವಾಗಿ ಕೊಲೆಯಾಯಿತು. 21 ವರ್ಷದ ಯುವಕನನ್ನು ಹಿಡಿದರು. ಫೆಬ್ರುವರಿ 19ರಂದು ಅವನಿಗೆ ಕಾನೂನು ನೆರವಿನ ವಕೀಲರನ್ನು ನೇಮಿಸಿದರು, ಅದೇ ದಿನ ದೋಷಾರೋಪಣೆಯನ್ನೂ ಮಾಡಿದರು. ಆ ವಕೀಲರಿಗೆ ಕಡತ ಓದಲು, ಕಕ್ಷಿದಾರನ ಜೊತೆ ಕೂತು ಮಾತನಾಡಲು ಸಮಯವೇ ಸಿಗಲಿಲ್ಲ. ಮಾರ್ಚ್ 4ರಂದು ಮರಣದಂಡನೆ. ಬೇಗ ನ್ಯಾಯ ಸಿಕ್ಕಿತೆಂದು ಜನ ಮೆಚ್ಚಿರಬೇಕು. ಅಂಥ ಸಾವಿನ ಮುಂದೆ ಆ ಆತುರ ಅರ್ಥವಾಗುವಂಥದ್ದೇ. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷೆ ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. ಜೀವಾವಧಿ, ಮರಣದಂಡನೆ ಆಗಬಹುದಾದ ಪ್ರಕರಣಗಳಲ್ಲಿ ಕನಿಷ್ಠ ಹತ್ತು ವರ್ಷ ಅನುಭವ ಇರುವ ವಕೀಲರನ್ನೇ ನೇಮಿಸಬೇಕು, ತಯಾರಿಗೆ ಸಾಮಾನ್ಯವಾಗಿ ಏಳು ದಿನವಾದರೂ ಕೊಡಬೇಕು ಎಂದು ಆ ತೀರ್ಪಿನಲ್ಲೇ ವಿಧಿಸಿತು. 2022ರಲ್ಲಿ ಖಾಂಡ್ವಾ ಕೋರ್ಟು ಮತ್ತೆ ಮರಣದಂಡನೆ ಕೊಟ್ಟಿತು. ಡಿಎನ್‌ಎ ತಜ್ಞರನ್ನು ಸಾಕ್ಷಿಯಾಗಿ ಕರೆಸಿ ಕೇಳಬೇಕೆಂದು ಹೈಕೋರ್ಟು ಮತ್ತೆ ಹಿಂದಕ್ಕೆ ಕಳಿಸಿತು. 2024ರ ಮಾರ್ಚಿನಲ್ಲಿ, ಮೂರನೆಯ ವಿಚಾರಣೆಯಲ್ಲಿ, ಅವನು ನಿರಪರಾಧಿಯೆಂದು ಹೊರಗೆ ಬಂದ. ಆ ಹೊತ್ತಿಗೆ 11 ವರ್ಷ ಕಳೆದಿತ್ತು. ಮಗುವಿನ ಮನೆಯವರಿಗೂ ಅಷ್ಟೇ ವರ್ಷ ಕಳೆದಿತ್ತು, ಕೊಂದವರು ಯಾರೆಂಬುದಕ್ಕೆ ಕೋರ್ಟಿನಿಂದ ಉತ್ತರ ಸಿಕ್ಕಿರಲಿಲ್ಲ. ವಿಚಾರಣೆಯ ಲೋಪವನ್ನು ಅಪರಾಧಿಗಳಿಗೆ ಸಿಗುವ ರಿಯಾಯಿತಿ ಎಂದು ತಿಳಿದವರು ಈ ಪ್ರಕರಣವನ್ನು ಓದಬೇಕು.

ನಮ್ಮ ರಾಜ್ಯದ ಎರಡು ಪ್ರಕರಣ ಹೇಳುತ್ತೇನೆ. ಗ್ರಾಮ ಪಂಚಾಯಿತಿಯ ಬಿಲ್ ಕಲೆಕ್ಟರ್ ಒಬ್ಬರು 1998ರಲ್ಲಿ 500 ರೂಪಾಯಿ ಲಂಚ ಕೇಳಿದರೆಂದು ಲೋಕಾಯುಕ್ತ ಪ್ರಕರಣ. ಸರ್ಕಾರಿ ನೌಕರರ ಮೇಲೆ ಭ್ರಷ್ಟಾಚಾರದ ಮೊಕದ್ದಮೆ ಹೂಡಲು ಅವರನ್ನು ಕೆಲಸದಿಂದ ತೆಗೆಯುವ ಅಧಿಕಾರ ಇರುವವರ ಪೂರ್ವಾನುಮತಿ ಬೇಕು. ಇಲ್ಲಿ ಅನುಮತಿ ಕೊಟ್ಟವರಿಗೆ ಆ ಅಧಿಕಾರ ಇರಲಿಲ್ಲ. ವಿಚಾರಣಾ ಕೋರ್ಟು ಬಿಟ್ಟಿತು, ಹೈಕೋರ್ಟು ಶಿಕ್ಷಿಸಿತು. 2015ರಲ್ಲಿ ಸುಪ್ರೀಂ ಕೋರ್ಟು, ಅನುಮತಿಯೇ ಸರಿಯಿಲ್ಲದಿದ್ದರೆ ವಿಚಾರಣೆ ನಡೆಸುವ ಅಧಿಕಾರವೇ ಆ ಕೋರ್ಟಿಗೆ ಬರುವುದಿಲ್ಲ ಎಂದು ಶಿಕ್ಷೆಯನ್ನು ತೆಗೆದುಹಾಕಿತು. ಸರಿಯಾದ ಅನುಮತಿ ಪಡೆದು ಹೊಸದಾಗಿ ಹೂಡಬಹುದಿತ್ತು. 500 ರೂಪಾಯಿಗೆ, 17 ವರ್ಷದ ಮೇಲೆ, ಅದು ಬೇಡವೆಂದಿತು.

ಇನ್ನೊಂದು ನಿಮಗೆಲ್ಲ ನೆನಪಿರುವ, ಜಯಲಲಿತಾ ಅವರ ಆದಾಯ ಮೀರಿದ ಆಸ್ತಿಯ ಪ್ರಕರಣ. 2014ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ವಿಶೇಷ ಕೋರ್ಟು ಶಿಕ್ಷೆ ವಿಧಿಸಿತು. ಹೈಕೋರ್ಟಿನ ಮೇಲ್ಮನವಿಯಲ್ಲಿ ಸರ್ಕಾರದ ಪರ ನಿಂತ ವಿಶೇಷ ಅಭಿಯೋಜಕರನ್ನು ನೇಮಿಸಿದ್ದು ತಮಿಳುನಾಡು. ಆ ಅಧಿಕಾರ ಇದ್ದದ್ದು ಕರ್ನಾಟಕಕ್ಕೆ ಮಾತ್ರ ಎಂದು 2015ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಾಗಿದ್ದೂ ಮೇಲ್ಮನವಿಯನ್ನು ಮತ್ತೆ ಮೊದಲಿನಿಂದ ಕೇಳಬೇಕಿಲ್ಲ ಎಂದಿತು. ಮೇ ತಿಂಗಳಲ್ಲಿ ಹೈಕೋರ್ಟು ಖುಲಾಸೆ ಮಾಡಿತು. ಆ ತೀರ್ಪಿನಲ್ಲಿ ಸಾಲಗಳನ್ನು ಕೂಡಿದ ಪಟ್ಟಿಯ ಮೊತ್ತ 24 ಕೋಟಿ 17 ಲಕ್ಷ ಚಿಲ್ಲರೆ ಎಂದಿತ್ತು. ಕೂಡಿ ನೋಡಿದರೆ ಬರುತ್ತಿದ್ದದ್ದು 10 ಕೋಟಿ 67 ಲಕ್ಷ ಚಿಲ್ಲರೆ. ಆದಾಯಕ್ಕಿಂತ ಹೆಚ್ಚಿನ ಆಸ್ತಿ ಶೇಕಡಾ 8.12 ಮಾತ್ರ ಎಂಬ ನಿರ್ಣಯ ನಿಂತದ್ದು ಆ ಕೂಡಿಕೆಯ ಮೇಲೆ. 2017ರ ಫೆಬ್ರುವರಿ 14ರಂದು ಸುಪ್ರೀಂ ಕೋರ್ಟು ಲೆಕ್ಕವನ್ನೆಲ್ಲ ಹೊಸದಾಗಿ ನೋಡಿ ವಿಚಾರಣಾ ಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಯಾರು ವಾದಿಸಿದರು ಎಂಬ ಲೋಪ ಫಲಿತಾಂಶವನ್ನು ಮುಟ್ಟಲಿಲ್ಲ, ಕೂಡಿಕೆಯ ತಪ್ಪು ತೀರ್ಪಿನ ಬುಡವನ್ನೇ ಮುಟ್ಟಿತ್ತು.

ಕೊನೆಯದಾಗಿ ಒಂದು ಕೆಲಸದ ಮಾತು. 511ನೇ ಕಲಮಿನಲ್ಲಿ ಎರಡನೆಯ ಭಾಗವೊಂದಿದೆ: ಆ ತಕರಾರನ್ನು ಮೊದಲೇ ಎತ್ತಬಹುದಿತ್ತೇ, ಎತ್ತಬೇಕಿತ್ತೇ ಎಂದು ಮೇಲಿನ ಕೋರ್ಟು ಗಮನಿಸಬೇಕು. ವಿಚಾರಣೆಯ ದಿನ ಸುಮ್ಮನಿದ್ದು ಹೈಕೋರ್ಟಿನಲ್ಲಿ ಕೂಗಿದರೆ ಬೆಲೆ ಕಡಿಮೆ. ನಿಮ್ಮ ಮನೆಯವರೋ ನೆರೆಯವರೋ ಇಂಥ ಮೊಕದ್ದಮೆಯಲ್ಲಿ ಸಿಕ್ಕಿದ್ದರೆ, ಆಕ್ಷೇಪವನ್ನು ಆಗಲೇ ಮೆಮೊ ಕೊಟ್ಟು ಆರ್ಡರ್ ಶೀಟಿನಲ್ಲಿ ಬರೆಸುವಂತೆ ವಕೀಲರಿಗೆ ಹೇಳಿ. ವಕೀಲರಿಲ್ಲದಿದ್ದರೆ ಸಾಕ್ಷಿ ವಿಚಾರಣೆ ಶುರುವಾಗುವ ಮೊದಲೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಬಂಧನದಲ್ಲಿರುವವರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಈ ನೆರವು ಉಚಿತ. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ಕೋರ್ಟು ಪುಕ್ಕಟೆ ಕೊಡಬೇಕು. ಹೈಕೋರ್ಟಿಗೆ ಮೇಲ್ಮನವಿ ಹಾಕಲು 60 ದಿನ, ಮರಣದಂಡನೆಯಾದರೆ 30 ದಿನ, ಸೆಷನ್ಸ್ ಕೋರ್ಟಿಗಾದರೂ 30 ದಿನ. ಒಳಗಿರುವವರು ಹೊರಗಿನ ಯಾರನ್ನೂ ಕಾಯಬೇಕಿಲ್ಲ. ಮೇಲ್ಮನವಿಯನ್ನು ಜೈಲಿನ ಅಧಿಕಾರಿಯ ಕೈಗೆ ಕೊಟ್ಟರೆ ಅದನ್ನು ಕೋರ್ಟಿಗೆ ತಲುಪಿಸುವ ಹೊಣೆ ಅವರದು.